ಸಮುದ್ರದಿಂದ ಸುರು ಮಾಡಬ್ಯಾಡ

ಹಾಂ ತಮ್ಮಾ, ಕಾಕಾ ಮಾತಾಡಾಕತ್ತೀನಿ. ಶೇಂಗಾ ಸುಲ್ಯಾಕ ಕುಂತೀನಿ, ಕೈ ತುಂಬ ಮಣ್ಣು, ಟೈಪ್ ಮಾಡಾಕ ಆಗಂಗಿಲ್ಲ. ಹಳೇ ಹಿಂದಿ ಸಿನೆಮಾದ ಹಾಡುಗಾರ್ತಿ ಅಮೀರಬಾಯಿ ಕರ್ನಾಟಕಿ ಮ್ಯಾಲ ಕಾಲೇಜಿಗೆ ಡಾಕ್ಯುಮೆಂಟರಿ ಮಾಡಬೇಕು, ಎಲ್ಲಿಂದ ಸುರು ಮಾಡ್ಲಿ ಅಂತ ಗ್ರೂಪಿನ್ಯಾಗ ಕೇಳಿದ್ದೆಲ್ಲ. ನಿಮ್ಮ ಚಿಗವ್ವ ಆಗಲೇ 'ಮುಂಬೈ ಸಮುದ್ರ ತೋರ್ಸು' ಅಂತ ಹಾಕ್ಯಾಳ. ಅಕಿ ಮಾತ ಕೇಳಬ್ಯಾಡ. ಸಮುದ್ರ ಎಲ್ಲಾರೂ ತೋರಸ್ತಾರ.

ನೀ ಹೆಸರಿನಿಂದ ಸುರು ಮಾಡು. ನಮ್ಮಪ್ಪನ ಕಡೆ ಅಮೀರಬಾಯಿದೊಂದು ರೆಕಾರ್ಡ್ ಇತ್ತು, ಕರೀ ಪ್ಲೇಟು, ಅಂಚಿಗೆ ಒಂದೀಟು ಒಡದಿತ್ತು. ಮುಳ್ಳಿಟ್ಟ ಕೂಡ್ಲೆ ಮೊದಲ ಕರ್ರ್ ಅಂತಿತ್ತು, ಆಮ್ಯಾಲ ದನಿ. ಹಾಡು ಹಿಂದಿ, ಅಪ್ಪಗ ಅರ್ಧಾನೂ ತಿಳೀತಿದ್ದಿಲ್ಲ. ಆದ್ರ ಪ್ಲೇಟು ನಿಂತ ಮ್ಯಾಲ ಲೇಬಲ್ಲಿಗೆ ಬೊಟ್ಟಿಟ್ಟು 'ಕರ್ನಾಟಕಿ' ಅಂತ ಓದಿ ನಮ್ಮ ಮಾರಿ ನೋಡ್ತಿದ್ದ. ಲೆಕ್ಕಾ ಹಾಕು ತಮ್ಮಾ. ನಮ್ಮ ರಾಜ್ಯಕ್ಕ ಕರ್ನಾಟಕ ಅಂತ ಹೆಸರು ಬಂದದ್ದು 1973ರಾಗ. ಅಕಿ 'ಕಿಸ್ಮತ್' ಸಿನೆಮಾಕ್ಕ ಹಾಡಿದ್ದು 1943ರಾಗ. ಆವಾಗ ನಾವಿನ್ನೂ ಮುಂಬೈ ಪ್ರಾಂತದಾಗಿದ್ವಿ!

ಆ ಸಿನೆಮಾ ಕಲಕತ್ತಾದ ರಾಕ್ಸಿ ಟಾಕೀಸಿನ್ಯಾಗ ಮೂರು ವರ್ಷದ ಮ್ಯಾಲ ಓಡ್ತು. ಸಂಗೀತ ಅನಿಲ್ ಬಿಸ್ವಾಸ್‌ದು. ಅದರಾಗ ಜರ್ಮನಿ, ಜಪಾನ್ ಹೆಸರು ಮುಂದ ಮಾಡಿ ಬ್ರಿಟಿಷರಿಗೇ 'ದೂರ ಸರೀರಿ' ಅಂತ ಹೇಳೂ ಹಾಡೈತಿ, ಅಲ್ಲೂ ಅಕಿ ದನಿ. ಇದಿಷ್ಟು ಬಿಡಬ್ಯಾಡ. ಮೊದಲಿನ ಮದುವಿ ಸುಖಾ ಕೊಡ್ಲಿಲ್ಲ, ಖರೆ, ಆದ್ರ ಅದನ್ನ ಎಳದು ಎಳದು ಕಣ್ಣೀರು ಸುರಿಸಬ್ಯಾಡ. ಅಕಿ ಅಕ್ಕ ಗೋಹರಬಾಯಿ ಮರಾಠಿ ರಂಗನಟ ಬಾಲಗಂಧರ್ವರ ನಾಟಕ ಕಂಪನಿ ಸೇರಿ ಅವರನ್ನ ಮದುವ್ಯಾದದ್ದು ಬ್ಯಾರೆ ದೊಡ್ಡ ಕತಿ, ಅದಕ್ಕ ಇನ್ನೊಂದು ಡಾಕ್ಯುಮೆಂಟರಿ ಬೇಕು.

ಇನ್ನ ನಿಮ್ಮ ಬಾಗಲಕೋಟಿ ಮಾವಾರು 'ಬೀಳಗ್ಯಾಗ ಹುಟ್ಯಾಳ, ನಮ್ಮಾಕಿ' ಅಂತ ಗುದ್ದಾಡಾಕ ಬರ್ತಾರ. ಬರ್ಲಿ. ಅಕಿ ಕಾಲಕ್ಕ ಎಲ್ಲಾ ಒಂದೇ ಬಿಜಾಪುರ ಜಿಲ್ಲಾ, ಒಡದದ್ದು 1997ರಾಗ. 1965ರಾಗ ತೀರಿಕೊಂಡ ಮ್ಯಾಲ ಮಣ್ಣು ಮಾಡಿದ್ದೂ ಬಿಜಾಪುರದಾಗನ.

ಒಂದು ಕೆಲಸಾ ಮಾಡು. ಬಿಜಾಪುರದಾಗ ಅಕಿ ಹೆಸರಿನ ಅಮೀರ್ ಟಾಕೀಸಿನ ಮುಂದ ಕ್ಯಾಮೆರಾ ಹಚ್ಚಿ, ಹೋಗೂ ಬರೂ ಹುಡುಗರನ್ನ 'ಈ ಅಮೀರ್ ಯಾರು?' ಅಂತ ಕೇಳು. ಹತ್ತರಾಗ ಎಂಟು ಮಂದಿ ಆಮೀರ್ ಖಾನ್ ಅಂತಾರ ನೋಡು. ಅದನ್ನ ಕಟ್ ಮಾಡಬ್ಯಾಡ ಮತ್ತ.

ಪ್ಲೇಟು ಅಟ್ಟದ ಮ್ಯಾಲಿನ ಟ್ರಂಕಿನ್ಯಾಗ ಇರಬೇಕು. ರವಿವಾರ ಬಾ, ನಿಚ್ಚಣಿಕಿ ಹಿಡ್ಯಾಕ ಒಬ್ಬರು ಬೇಕು.