ಪದ ಬೇಕು (ತುರ್ತು): ‘ನ್ಯಾರೇಟಿವ್ ಸ್ಟ್ರಕ್ಚರ್’

ಮಾನ್ಯರೇ,
ಮಾಧ್ಯಮಗಳ ಕುರಿತ ಪ್ರದರ್ಶನದ ಫಲಕಕ್ಕೆ ಪದ ಬೇಕು, ಸಂಜೆ ಅಚ್ಚಿಗೆ ಹೋಗುತ್ತೆ. ‘ನಿರೂಪಣಾ ರಚನೆ’ ಎಂದು ಹಾಕಿದ್ದೆ. ಓದಿದ ಇಬ್ಬರೂ ಟಿವಿ ನಿರೂಪಕಿಯರ ವಿಷಯ ಅಂದುಕೊಂಡರು! ‘ಕಥಾಹಂದರ’ ಆದೀತೇ? ಕೆಳಗಿನ ಬರಹ ಹೀಗಿದೆ: ಕೊಂದವನನ್ನು ಮೊದಲ ದೃಶ್ಯದಲ್ಲೇ ತೋರಿಸಿಬಿಟ್ಟರೆ ನೋಡುಗರಿಗೆ ‘ಯಾರು’ ಎಂಬ ಕುತೂಹಲ ಹೋಗಿ ‘ಹೇಗೆ ಸಿಕ್ಕಿಬೀಳ್ತಾನೆ’ ಎಂಬುದು ಶುರುವಾಗುತ್ತೆ. ಸುದ್ದಿ ವರದಿಯಂತೂ ಕೊನೆಗೆ ಆದದ್ದನ್ನೇ ಮೊದಲ ಪ್ಯಾರಾದಲ್ಲಿ ಹೇಳಿ ಮುಗಿಸುತ್ತೆ.
– ವಿ.

ಆಗದು. ಸಂಸ್ಕೃತ ಪದಕ್ಕೆ ಕನ್ನಡ ಪದ ಬೆಸೆದ ಅರಿಸಮಾಸ. ಇಂಥ ಬೆರಕೆಯನ್ನು ಕುದಿಯುವ ಹಾಲಿಗೆ ಮಜ್ಜಿಗೆ ಹನಿ ಬಿದ್ದಂತೆ ಎಂದು ಕವಿರಾಜಮಾರ್ಗ 9ನೇ ಶತಮಾನದಲ್ಲೇ ಹೇಳಿಯಾಗಿದೆ. ‘ಕತೆ’ ತದ್ಭವ, ಅದರ ಜತೆ ದೋಷವಿಲ್ಲ. ಹಂದರದ ಹಳೆಯ ರೂಪ ಪಂದರ್, ತಮಿಳಿನ ಪಂದಲ್ ಅದರ ನಂಟ. ಸಮಾಸ ಮಾಡಿದಾಗ ಪಕಾರಕ್ಕೆ ವಕಾರ ಬಂದು ‘ಕತೆವಂದರ’.
– ಶಂ.

‘ಕತೆವಂದರ’! ಫಲಕದ ಮುಂದೆ ನಿಂತವರು ಬಂದರು ಎಲ್ಲಿದೆ ಅಂತ ಕೇಳ್ತಾರೆ. ನಾಟ್ಯಶಾಸ್ತ್ರದ ಭರತನದೇ ‘ಇತಿವೃತ್ತ’ ಇದೆಯಲ್ಲ, ನಾಟಕದ ಕಥಾವಸ್ತು, ನಾಟ್ಯದ ಶರೀರ. ಮುಖ, ಪ್ರತಿಮುಖ, ಗರ್ಭ, ವಿಮರ್ಶ, ನಿರ್ವಹಣ ಎಂದು ಐದು ಸಂಧಿಗಳನ್ನೂ, ಅಂದರೆ ಕತೆಯ ಘಟ್ಟಗಳನ್ನೂ, ಹೇಳಿಟ್ಟಿದ್ದಾನೆ. ಹೊಸದನ್ನು ಟಂಕಿಸುವ ಹುರುಪು ಯಾಕೋ.
– ರಾ.

ಇಂಗ್ಲಿಷಿನದು ಸಾಲ, ಸಂಸ್ಕೃತದ್ದು ಪಿತ್ರಾರ್ಜಿತವೋ?
– ಶಂ.

ಬಸ್ಸು, ಸೀರಿಯಲ್ಲು ಎಲ್ಲ ಉಕಾರ ಅಂಟಿಸಿಕೊಂಡು ಒಳಗೆ ಬಂದು ಕೂತಿವೆ, ಯಾರೂ ಬಾಡಿಗೆ ಕೇಳಿಲ್ಲ. ‘ಸ್ಟ್ರಕ್ಚರ್’ ಒಂದಕ್ಕೆ ಯಾಕಿಷ್ಟು ರಂಪ?
– ಗಿ.

ಜಗಳ ಆಮೇಲೆ. ವಿ. ಅವರೇ, ಹಂದರವೂ ಇತಿವೃತ್ತವೂ ‘ಏನಾಯಿತು’ ಎಂಬುದರ ಕಡೆಗೇ ವಾಲುತ್ತವೆ. ನಿಮ್ಮ ಕೊಲೆಗಾರನ ಉದಾಹರಣೆಯಲ್ಲಿ ಘಟನೆಗಳು ಬದಲಾಗಿಲ್ಲ, ಹೇಳುವ ಸರದಿ ಬದಲಾಗಿದೆ. ರಷ್ಯನ್ ರೂಪವಾದಿ ವಿಮರ್ಶಕರು ಫಾಬುಲಾ (ನಡೆದ ಘಟನೆಗಳು), ಸ್ಯೂಝೆಟ್ (ಅವನ್ನು ಹೇಳುವ ಕ್ರಮ) ಎಂದು ಬೇರೆ ಮಾಡಿದ್ದು ಇದನ್ನೇ. ಪಾಠದ ಪುಸ್ತಕಕ್ಕಾದರೆ ‘ಕಥನಬಂಧ’ ಅನ್ನುತ್ತಿದ್ದೆ. ಫಲಕಕ್ಕೆ ‘ಕತೆಯ ಹೆಣಿಗೆ’ ಸಾಕು. ‘ಕತೆಯ ಕಟ್ಟು’ ಮಾತ್ರ ಬೇಡ, ಕಟ್ಟುಕತೆ ನೆನಪಾಗುತ್ತೆ. ಪ್ರೂಫಿನಲ್ಲಿ ‘ಹಣಿಗೆ’ ಆಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕತೆಗೆ ತಲೆ ಬಾಚಬೇಕಾದೀತು.
– ಸು.

‘ಕತೆಯ ಹೆಣಿಗೆ’ ಕಳಿಸಿದೆ. ಎ-ಕಾರ ಎರಡು ಸಲ ನೋಡಿದ್ದೇನೆ. ಎಲ್ಲರಿಗೂ ವಂದನೆ.
– ವಿ.

ಷಷ್ಠಿ ವಿಭಕ್ತಿಯ ‘ಯ’ ಯಾಕೆ ಬೇಕಿತ್ತು? ‘ಕತೆಹೆಣಿಗೆ’.
– ಶಂ.