‘ಕೇಳು’ ಅಂದರೆ ಕಿವಿಯದ್ದಾ, ಬಾಯಿಯದ್ದಾ?

ಎಲ್ಲರಿಗೂ ನಮಸ್ಕಾರ. ಕುಶಾಲನಗರದ ಒಂದು ಕಾರ್ಖಾನೆಯಲ್ಲಿ ಇನ್‌ಸ್ಟ್ರುಮೆಂಟ್ ಕೆಲಸ ನನ್ನದು. ಹೊಸದಾಗಿ ಸೇರುವ ಹುಡುಗರಿಗೆ ಅಂತ ಕನ್ನಡದಲ್ಲಿ ಟಿಪ್ಪಣಿ ಬರೆಯುತ್ತಿದ್ದೇನೆ. ‘ಕೇಳು’ ಅನ್ನುವ ಪದದ ಹತ್ತಿರ ಬಂದು ನಿಂತುಬಿಟ್ಟಿದ್ದೇನೆ.

ವಿಷಯ ಹಾರ್ಟ್ (HART) ಪ್ರೋಟೊಕಾಲ್‌ನದ್ದು, ಅಂದರೆ ಕಾರ್ಖಾನೆಯ ಅಳತೆ ಉಪಕರಣಗಳ ಜೊತೆ ವೈರಿನ ಮೇಲೆ ಮಾತಾಡುವ ಪದ್ಧತಿ. ಬಾಯ್ಲರ್‌ನ ಒತ್ತಡ ಅಳೆದು ಕಳಿಸುವ ಪ್ರೆಶರ್ ಟ್ರಾನ್ಸ್‌ಮಿಟರ್‌ನ ಎರಡೇ ವೈರಿನಲ್ಲಿ 4ರಿಂದ 20 ಮಿಲಿಆಂಪ್ ಕರೆಂಟ್ ಹರಿಯುತ್ತದೆ. ಅದರ ಮೇಲೆಯೇ ಸಣ್ಣ ಅಲೆಯಾಗಿ ಡಿಜಿಟಲ್ ಮಾತುಕತೆಯೂ ನಡೆಯುತ್ತದೆ. 1200 ಹರ್ಟ್ಸ್ ಅಂದರೆ 1, 2200 ಹರ್ಟ್ಸ್ ಅಂದರೆ 0. ಎರಡೂ ನಮ್ಮ ಕಿವಿಗೆ ನಿಲುಕುವ ಸ್ವರಗಳೇ. ಲೂಪಿನ (ಈ ಕರೆಂಟ್ ಸುತ್ತುವ ಸರ್ಕ್ಯೂಟಿನ) 250 ಓಮ್ ರೆಸಿಸ್ಟರ್‌ನ ಎರಡು ತುದಿಗೆ ಕೆಪಾಸಿಟರ್ ಮೂಲಕ ಒಂದು ಪುಟ್ಟ ಆಂಪ್ಲಿಫೈಯರ್ ಹಚ್ಚಿ ಸ್ಪೀಕರ್ ಕೊಟ್ಟರೆ ಸಾಕು, ಅದೇ ನನ್ನ ಪೆಟ್ಟಿಗೆ. ಚಿರ್ರ್ ಅಂತ ಒಂದು ಸದ್ದು, ಚೂರು ಬಿಡುವು, ಮತ್ತೆ ಚಿರ್ರ್. ಮೊದಲನೆಯದು ಮಾಸ್ಟರ್‌ನ (ವಿಚಾರಿಸುವ ಸಾಧನದ) ಪ್ರಶ್ನೆ, ಎರಡನೆಯದು ಟ್ರಾನ್ಸ್‌ಮಿಟರ್‌ನ ಉತ್ತರ. ತೋಟದ ಜೀರುಂಡೆ ನೆನಪಾಗುತ್ತದೆ.

‘ಈ ಪೆಟ್ಟಿಗೆ ಟ್ರಾನ್ಸ್‌ಮಿಟರನ್ನು ಬರೀ ಕೇಳುತ್ತದೆ’ ಅಂತ ಬರೆದಿದ್ದೆ. ಓದಿದ ಹುಡುಗ ‘ಏನಂತ ಕೇಳುತ್ತದೆ ಸಾರ್?’ ಅಂದ. ಅವನ ತಪ್ಪಲ್ಲ, ವಾಕ್ಯವೇ ಹಾಗಿದೆ. ಆದರೆ ಇದು ಬಿಟ್ಟುಬಿಡುವಂಥ ವ್ಯತ್ಯಾಸವೂ ಅಲ್ಲ. ಒಂದು ಲೂಪಿನಲ್ಲಿ ಪ್ರಶ್ನೆ ಹಾಕಲು ಎರಡು ಮಾಸ್ಟರ್‌ಗಳಿಗೆ ಮಾತ್ರ ಜಾಗ: ಕಂಟ್ರೋಲ್ ರೂಮಿನದು ಒಂದು, ಕೈಯಲ್ಲಿ ಹಿಡಿಯುವ ಕಮ್ಯುನಿಕೇಟರ್ ಇನ್ನೊಂದು. ಮೂರನೆಯದು ಬಾಯಿ ಹಾಕಿದರೆ ಸಂದೇಶ ಕೆಡುತ್ತದೆ. ನನ್ನ ಪೆಟ್ಟಿಗೆಗೆ ಬಾಯಿಯೇ ಇಲ್ಲ, ಕಿವಿ ಮಾತ್ರ.

‘ಮಾತು ಕೇಳುತ್ತದೆ’ ಅಂತ ತಿದ್ದಿದೆ. ಅದು ಹೇಳಿದ ಹಾಗೆ ನಡೆದುಕೊಳ್ಳುತ್ತದೆ ಅಂತಾಯಿತು! ತಮಿಳಿನ ‘ಕೇಳ್’ಗೂ ಕಿವಿಯ ಅರ್ಥ, ಪ್ರಶ್ನೆಯ ಅರ್ಥ ಎರಡೂ ಉಂಟು. ನಮ್ಮ ಜೊತೆ ಕೆಲಸ ಮಾಡುವ ಮಲಯಾಳಿಗಳಿಗೆ ಈ ತೊಡಕಿಲ್ಲ. ಪ್ರಶ್ನೆಗೆ ‘ಚೋದಿಕ್ಕುಕ’, ಕಿವಿಗೆ ‘ಕೇಳ್ಕ್ಕುಕ’.

‘ಕದ್ದಾಲಿಸು’ ನನಗೆ ಬೇಡ. ಪೇಪರಿನ ಫೋನ್ ಕದ್ದಾಲಿಕೆಯ ಕಳ್ಳತನ ಅದಕ್ಕೆ ಅಂಟಿಕೊಂಡಿದೆ. ನಾವು ಮಾಡುವುದು ಪರ್ಮಿಟ್ ತೆಗೆದುಕೊಂಡು ಮಾಡುವ ಕೆಲಸ. ‘ಆಲಿಸು’ ಚೆಂದದ ಪದ, ಆದರೆ ಅಹವಾಲು ಆಲಿಸುವುದಕ್ಕೆ ಮನಸ್ಸು ಬೇಕು, ಪೆಟ್ಟಿಗೆಗೆ ಅದು ಜಾಸ್ತಿಯಾಯಿತು ಅನ್ನಿಸುತ್ತದೆ. ‘ಕೇಳಿಸಿಕೊಳ್ಳು’ ನನಗೆ ಹೆಚ್ಚು ಹಿಡಿಸಿದೆ. ದಿನಾ ಆಡುವ ಮಾತು, ಪ್ರಶ್ನೆಯ ನೆರಳೂ ಇಲ್ಲ, ಅಲ್ವಾ? ಆದರೆ ಅದರಿಂದ ಪೆಟ್ಟಿಗೆಗೆ ಹೆಸರು ಮಾಡಲು ಹೋದರೆ ಉದ್ದವಾಗುತ್ತದೆ. ‘ಕಿವಿಪೆಟ್ಟಿಗೆ’ ಅಂದರೆ ಹೇಗೆ? ಕಿವಿಗೆ ಹಾಕಿಕೊಳ್ಳುವ ಸಾಧನ ಅಂತ ಅಂದುಕೊಳ್ಳುತ್ತಾರಾ?

ನಿಮ್ಮ ಊರಿನ ಮಾತಿನಲ್ಲಿ ಇದಕ್ಕೆ ಬೇರೆ ಪದ ಉಂಟಾ? ಎರಡು ಬೆರಳಗಲದ ಚೀಟಿಯಲ್ಲಿ ಬರೆದು ಅಂಟಿಸುವಷ್ಟು ಚಿಕ್ಕದಿರಲಿ.