ಕಾದಾಳು: ಯುದ್ಧದೇವತೆಗೆ ಈ ಹೆಸರು ಒಪ್ಪುತ್ತದೆಯೇ?

ಒಂದು ಕಲ್ಪನಾಲೋಕಕ್ಕೆ ಯುದ್ಧದೇವತೆಯೊಬ್ಬಳನ್ನು ಕಟ್ಟುತ್ತಿದ್ದೇನೆ. ಆಯುಧ, ಪೂಜೆ, ಹರಕೆ ಎಲ್ಲ ಒಂದು ಹದಕ್ಕೆ ಬಂದಿವೆ. ಹೆಸರಿನ ವಿಷಯದಲ್ಲಿ ಬಲ್ಲವರ ಮಾತು ಬೇಕು.

ಮೊದಲು ಆಕೆ ಎಂಥವಳು ಅಂತ ಹೇಳಿಬಿಡುತ್ತೇನೆ. ಗ್ರೀಕರು ಯುದ್ಧವನ್ನು ಇಬ್ಬರಿಗೆ ಹಂಚಿದ್ದರು. ರೋಷ, ರಕ್ತಪಾತ ಆರೀಸ್‌ಗೆ, ತಂತ್ರ ಅಥೀನಾಗೆ. ಅದನ್ನೇ ಮತ್ತೆ ಮಾಡುವುದರಲ್ಲಿ ಸ್ವಾರಸ್ಯವಿಲ್ಲ. ನನಗೆ ಹಿಡಿಸಿದ್ದು ರೋಮನ್ನರ ಮಾರ್ಸ್. ಯುದ್ಧದ ದೇವರು ನಿಜ, ಆದರೆ ಬೆಳೆಗೆ ರೋಗ ತಗಲದಿರಲಿ, ದನಕರು ಚೆನ್ನಾಗಿರಲಿ ಅಂತ ರೈತರು ಬೇಡಿಕೊಳ್ಳುತ್ತಿದ್ದದ್ದೂ ಅವನನ್ನೇ. ಹೊಡೆಯುವ ಕೈಯೇ ಕಾಯುವ ಕೈ. ನನ್ನ ದೇವತೆಯೂ ಹಾಗೆ. ಕಾಳಗದ ಹಿಂದಿನ ರಾತ್ರಿ ಕೋಟೆಬಾಗಿಲಲ್ಲಿ ನಿದ್ದೆಗೆಟ್ಟು ಕೂತವರು ನೆನೆಯುವುದು ಅವಳನ್ನು. ಗೆಲುವು ಅವಳ ಖಾತೆಯಲ್ಲ.

'ರಣೇಶ್ವರಿ', 'ಯುದ್ಧಾಂಬೆ' ತರಹದ ಹೆಸರು ಬೇಡ. ಕೇಳಿದ ಕೂಡಲೇ ನಮ್ಮ ಗುಡಿಯ ದೇವರು ಕಣ್ಣ ಮುಂದೆ ಬರುತ್ತಾಳೆ, ಹೊಸ ಲೋಕ ಅಲ್ಲಿಗೇ ಮುಗಿಯಿತು. 'ಕಲಿ' ಒಳ್ಳೆಯ ಪದ, ಶೂರ ಅಂತ ಅರ್ಥ. ಆದರೆ ಓದುವವರ ತಲೆಗೆ ಮೊದಲು ಹೊಳೆಯುವುದು ಕಲಿಯುಗ. 'ಬಾಳ್' ಮೇಲೆ ಸ್ವಲ್ಪ ಜಾಸ್ತಿಯೇ ಆಸೆ ಇತ್ತು. ಹಳಗನ್ನಡದಲ್ಲಿ ಬಾಳ್ ಅಂದರೆ ಕತ್ತಿ, ಬಾೞ್ ಅಂದರೆ ಬದುಕು. ೞ ಅಕ್ಷರ ಬಿದ್ದುಹೋದ ಮೇಲೆ ಎರಡೂ ಒಂದೇ ಆದವು. ಆದರೆ ಇವತ್ತಿನ ಕಿವಿಗೆ ಬದುಕು ಮಾತ್ರ ಕೇಳುತ್ತದೆ, ಕತ್ತಿ ಕೇಳುವುದೇ ಇಲ್ಲ.

ಕೊನೆಗೆ ಬಂದು ನಿಂತದ್ದು 'ಕಾದಾಳು' ಮೇಲೆ. ಕಾದು ಅಂದರೆ ಹೋರಾಡು, ಆಳು ಅಂದರೆ ಆಳು. ಸುಡುಗಾಡು, ಕಡೆಗೋಲುಗಳಲ್ಲಿ ಕ್ರಿಯಾಪದದ ಮೂಲ ನಾಮಪದಕ್ಕೆ ಹತ್ತಿಕೊಂಡ ಹಾಗೆ ಇಲ್ಲೂ ಹತ್ತಿಕೊಳ್ಳುತ್ತದೆ. ಕಾಲಾಳು, ಕಟ್ಟಾಳುಗಳ ಸಾಲಿನಲ್ಲಿ ಕೂತರೆ ಹೊಸದು ಅಂತಲೂ ಅನ್ನಿಸುವುದಿಲ್ಲ.

ಮಜಾ ಇರುವುದು ಇನ್ನೊಂದು ಓದಿನಲ್ಲಿ. 'ಕಾಯು' ಧಾತುವಿಗೆ ಸಂಭಾವನಾರ್ಥಕ ಹಚ್ಚಿ ನೋಡಿ: ಬಂದಾಳು, ನೋಡಿಯಾಳು, ಕಾದಾಳು. ಅವಳು ಕಾಪಾಡಬಹುದು. ಕಾಪಾಡುತ್ತಾಳೆ ಅನ್ನುವ ಭರವಸೆ ಇಲ್ಲ, ಕಾಪಾಡುವುದಿಲ್ಲ ಅನ್ನುವಂತೆಯೂ ಇಲ್ಲ. ಎರಡೂ ಕಡೆಯ ಸೈನ್ಯ ಒಬ್ಬಳನ್ನೇ ಬೇಡುವಾಗ ದೇವತೆ ಇದಕ್ಕಿಂತ ಜಾಸ್ತಿ ಏನು ತಾನೇ ಹೇಳಿಯಾಳು, ಅಲ್ವಾ? ಹೋರಾಡು ಅನ್ನುವ 'ಕಾದು'ವಿಗೆ ಈ ರೂಪ ಬರುವುದಿಲ್ಲ, ಅದು 'ಕಾದಿಯಾಳು' ಆಗುತ್ತದೆ. ವೀರಗಲ್ಲುಗಳ 'ಕಾದಿ ಸತ್ತ' ಅದೇ ಕಾದು. ಹಾಗಾಗಿ ನಾಮಪದವಾಗಿ ಓದಿದರೆ ಯೋಧೆ, ಕ್ರಿಯಾಪದವಾಗಿ ಓದಿದರೆ ಕಾವಲಿನವಳು. ಎರಡೂ ಬೇರೆ ಬೇರೆ ಧಾತು, ಕೂಡಿದ್ದು ಈ ಒಂದು ರೂಪದಲ್ಲಿ.

ಇನ್ನೂ ಒಂದು ಎಳೆ ಇದೆ. 'ನಿನ್ನನ್ನು ಕಾದಾಳು' ಅಂದರೆ ಹರಕೆ. 'ನಿನಗಾಗಿ ಕಾದಾಳು' ಅಂದರೆ ನಿನ್ನ ದಾರಿ ನೋಡುತ್ತಾ ಕೂತಾಳು, ಎದುರಾಳಿಯ ಮುಖಕ್ಕೆ ಎಸೆಯುವ ಶಾಪ. ಹರಕೆಗೂ ಶಾಪಕ್ಕೂ ಕ್ರಿಯಾಪದ ಒಂದೇ.

ಈಗ ನನ್ನ ತೊಡಕುಗಳು. 'ಆಳು' ಪದಕ್ಕೆ ಆಳಿನ, ಆಳಿಗೆ ಅಂತ ವಿಭಕ್ತಿ ಹಚ್ಚುತ್ತೇವೆ. ದೇವತೆಯ ಹೆಸರಾದಾಗ 'ಕಾದಾಳಿನ ಗುಡಿ' ಅನ್ನಬೇಕೋ, 'ಕಾದಾಳಳ ಗುಡಿ' ಅನ್ನಬೇಕೋ? ಎರಡನೆಯದು ನಾಲಿಗೆಗೆ ತೊಡಕು. ಮೊದಲನೆಯದರಲ್ಲಿ ಹೆಣ್ಣು ಕಾಣುವುದಿಲ್ಲ. 'ಕಾದಾಳಮ್ಮ' ಅಂದರೆ ಸಲೀಸು, ಆದರೆ ಮತ್ತೆ ನಮ್ಮೂರಿನ ಗುಡಿಗೇ ಹೋಗುತ್ತೇವೆ. 'ಕಾದಾಳು ಬಂದಳು' ಅನ್ನುವ ವಾಕ್ಯ ನಿಮ್ಮ ಕಿವಿಗೆ ಸರಿಹೋಗುತ್ತದೆಯೇ?

ಎರಡನೆಯದು ಆಚರಣೆಯ ಹೆಸರು. ಕಾಳಗದಿಂದ ಮರಳಿದವರು ಬಾಗಿಲು ದಾಟುವ ಮುನ್ನ ಅವಳ ಕಲ್ಲಿನ ಮುಂದೆ ಕತ್ತಿ ತೊಳೆಯುತ್ತಾರೆ. ಯಾರೂ ಮಾತಾಡುವಂತಿಲ್ಲ. ಕತ್ತಿ ಒಣಗುವ ತನಕ ಒಳಗಿನವರು ಹೆಸರು ಹಿಡಿದು ಕರೆಯುವಂತಿಲ್ಲ. ಇದಕ್ಕೆ ಹಲ್ಮಿಡಿ ಶಾಸನದ 'ಬಾಳ್ಗೞ್ಚು' ಪದವನ್ನು ಎತ್ತಿಕೊಳ್ಳುವ ಯೋಚನೆ ಇದೆ. ಸುಮಾರು ಕ್ರಿ.ಶ. 450ರದ್ದೆಂದು ಹೇಳುವ ಆ ಶಾಸನದಲ್ಲಿ ಅದು ಕಾದಿ ಗೆದ್ದವನಿಗೆ ಕೊಟ್ಟ ದತ್ತಿ. ಪದದ ಒಳಗಿರುವುದು ಕತ್ತಿ ತೊಳೆಯುವ ಕೆಲಸ. ಆ 'ಕೞ್ಚು' ಮುಂದೆ 'ಕರ್ಚು' ಆಯಿತು. ಆ ದಾರಿ ಹಿಡಿದರೆ 'ಬಾಳ್ಗರ್ಚು' ಆಗುತ್ತದೆ. ಓದುಗರು ಅದನ್ನು ಬಾಳಿನ ಖರ್ಚು ಅಂತ ಓದಿಕೊಳ್ಳುತ್ತಾರೆ! ಸುಮ್ನೆ ನಗು ಬಂದರೂ, ಯುದ್ಧದ ಮಟ್ಟಿಗೆ ಅದೂ ಸುಳ್ಳಲ್ಲವಲ್ಲ ಅಂತ ಅನ್ನಿಸಿತು.

ಹಳೆಯ ರೂಪವನ್ನೇ ಉಳಿಸಿಕೊಳ್ಳಲೋ, 'ಕತ್ತಿ ತೊಳೆತ' ಅಂತ ಬಿಡಿಸಿ ಹೇಳಲೋ? 'ಕಾದಾಳು' ಅನ್ನುವ ಪದವನ್ನು ಯಾವುದಾದರೂ ಕಡೆಯ ಆಡುಮಾತಿನಲ್ಲಿ ಬೇರೆ ಅರ್ಥಕ್ಕೆ ಬಳಸುವುದಿದ್ದರೆ ಅದನ್ನೂ ತಿಳಿಸಿ.